ಹುಣಸೂರಿನ ಹಾದಿಯಲ್ಲಿ ಏಷ್ಯಾ

ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟ ಹುಣಸೂರಿನ ಹೆದ್ದಾರಿಯು ಮಾನಸಗಂಗೋತ್ರಿಯ ಮಗ್ಗುಲನ್ನು ಹಾದು ಹೊರವರ್ತುಲ ರಸ್ತೆಯನ್ನು ಸಂಧಿಸುವ ಎಡೆಯಲ್ಲಿ ಹಿನಕಲ್ ಎಂಬ ಊರಿದೆ. ನನ್ನೇಶ್ವರನ ಹಳೆಯ ಗುಡಿಯುಳ್ಳ ಈ ಗ್ರಾಮವು, ಒಂದು ಕಡೆಯಿಂದ ವಿಜಯನಗರದ ಬಡಾವಣೆಗಳೂ ಮತ್ತೊಂದು ಕಡೆಯಿಂದ ಹೆಬ್ಬಾಳು ಹೂಟಗಳ್ಳಿಗಳ ಕಾರ್ಖಾನೆಗಳೂ ಒತ್ತರಿಸಿಕೊಂಡು ಬಂದುದರಿಂದ, ಈಗ ನಗರದ ಅಂಗವೇ ಆಗಿಹೋಗಿದೆ. ಕೊಡಗಿನ ಕಡೆಗೆ ಧಾವಿಸುವ ಪ್ರಯಾಣಿಕನಿಗೆ ಇದೊಂದು ದಟ್ಟಣೆಯ ಕೂಡುರಸ್ತೆ. ಬೇಗ ದಾಟಿದರೆ ಸಾಕೆಂಬುದೇ ಅವನ ಬಯಕೆ. ಆದರೆ ಈ ಹಾದಿಯ ಮೂಡಣ ತುದಿಯಲ್ಲಿ ಭರತಖಂಡದ ಶಾಸ್ತ್ರಗ್ರಂಥಗಳ ಬಹು ದೊಡ್ಡದೊಂದು ಓಲೆಗರಿಯ ಭಾಂಡಾರವೂ, ಪಡುವಣದಲ್ಲಿ ಸುಮಾರು ಎಂಬತ್ತು ಕಿಲೋಮೀಟರುಗಳಾಚೆ, ಬೈಲಕುಪ್ಪೆಯಲ್ಲಿ, ಟಿಬೆಟಿನಿಂದ ನೆಲೆ ತಪ್ಪಿ ಬಂದ ಮಹಾವಿಹಾರಗಳೂ ಇವೆಯೆಂಬುದನ್ನು ನೆನೆದು ನೋಡಿದರೆ, ಏಷ್ಯಾ ಖಂಡದ ವಿದ್ಯೆಯನ್ನು ಅಭ್ಯಸಿಸತಕ್ಕ ಅಂತರರಾಷ್ಟ್ರೀಯ ಸಂಸ್ಥೆಯೊಂದಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಈ ಒಂದೇ ರಸ್ತೆಯ ಇಕ್ಕೆಲಗಳಲ್ಲಿ ಒದಗಿ ನಿಂತಿದೆಯೆಂದೂ, ಅವುಗಳನ್ನು ಒಂದುಗೂಡಿಸುವ ಸಂಸ್ಥೆಯೊಂದು ಮಾತ್ರ ಇಲ್ಲವೆಂದೂ ಒಪ್ಪಬೇಕಾಗುತ್ತದೆ.

ಅಂಥ ಸಂಸ್ಥೆಗಳು ಲೋಕದಲ್ಲಿ ಇಲ್ಲದೆ ಇಲ್ಲ. ಹಾಲೆಂಡಿನ ಲೈಡನ್ ನಗರದಲ್ಲಿ 1993ರಲ್ಲಿ ಏಷ್ಯಾ ಅಧ್ಯಯನಕ್ಕೆಂದೇ ಒಂದು ಅಂತರರಾಷ್ಟ್ರೀಯ ಸಂಸ್ಥೆ ಸ್ಥಾಪಿತವಾಯಿತು. ಅದು ನಾನಾ ದೇಶಗಳ ವಿದ್ವಾಂಸರನ್ನು ಕೆಲಕಾಲ ಅಲ್ಲಿರಿಸಿಕೊಂಡು ಅವರ ಸಂಶೋಧನೆಗೆ ಅನುಕೂಲ ಕಲ್ಪಿಸುತ್ತದೆ. ಏಷ್ಯಾ ಕುರಿತ ದೊಡ್ಡ ಸಮ್ಮೇಳನಗಳಿಗೂ ಗ್ರಂಥಗಳಿಗೂ ಆಶ್ರಯ ನೀಡುತ್ತಿದೆ. ಲೈಡನ್ನಿಗೆ ಈ ಯೋಗ್ಯತೆ ಬಂದುದು ಹಠಾತ್ತಾಗಿ ಅಲ್ಲ. ಕಾಶಿಯಲ್ಲಿ ಅಧ್ಯಾಪಕರಾಗಿದ್ದ ಹೆಂಡ್ರಿಕ್ ಕರ್ನ್ ಎಂಬವರು 1865ರಲ್ಲಿಯೇ ಅಲ್ಲಿ ಸಂಸ್ಕೃತ ಪೀಠವನ್ನು ವಹಿಸಿಕೊಂಡು, ಮುಂದೆ ಜಾವಾದ ಪ್ರಾಚೀನ ರಾಮಾಯಣವನ್ನು ಸಂಪಾದಿಸಿ ಪ್ರಕಟಿಸಿದರು. ಫ್ರೆಂಚರು ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಇಂಡೋಚೈನಾದಲ್ಲಿ ಸ್ಥಾಪಿಸಿದ ಪೌರಸ್ತ್ಯ ವಿದ್ಯಾಪೀಠದ ಒಂದು ಶಾಖೆ ನಮ್ಮ ಪಾಂಡಿಚೇರಿಯಲ್ಲಿಯೂ ಇದೆ. ಇವೆಲ್ಲಕ್ಕೂ ಹಿಂದೆ, 1784ರಲ್ಲಿ, ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿ ಹುಟ್ಟಿತ್ತು. ಆಳುವ ಜನ ಆಳಲ್ಪಡುವ ಜನರ ಭಾಷೆ, ಧರ್ಮ, ನ್ಯಾಯಗಳನ್ನು ತಿಳಿಯಬೇಕಾದ ಅಗತ್ಯದಿಂದ ಇವುಗಳಲ್ಲಿ ಹಲವು ಆರಂಭವಾದುವೆಂಬುದು ನಿಜ. ಹಾಗೆಂದು ಅಲ್ಲಿ ನಡೆದ ಸಾಧನೆಯನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ನನ್ನ ಮಾತು ಬೇರೆ: ಯಾವ ಪ್ರಶ್ನೆಯನ್ನು ಕೇಳಬೇಕು, ಉತ್ತರವನ್ನು ಯಾವ ಭಾಷೆಯಲ್ಲಿ ಬರೆಯಬೇಕು ಎಂಬುದನ್ನು ಆ ಸಂಸ್ಥೆಗಳೇ ನಿಶ್ಚಯಿಸುತ್ತ ಬಂದಿವೆ. ಜಾವಾ, ಚಂಪಾ, ಟಿಬೆಟ್, ಜಪಾನುಗಳ ವಿಚಾರವಾಗಿ ಕನ್ನಡಿಗನು ಅರಿತಿರುವುದೆಲ್ಲ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ ಬಂದುದು. ನೆರೆಯವನ ಕ್ಷೇಮವನ್ನು ದೂರದ ನಂಟನಿಗೆ ಕಾಗದ ಬರೆದು ವಿಚಾರಿಸಿದಂತೆ ಇದು.

ಮೈಸೂರಿಗೆ ಈ ವಿದ್ಯೆಯಲ್ಲಿ ಸ್ವಂತದ ಮಾತಿಲ್ಲದೆ ಇರಲಿಲ್ಲ. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಐವತ್ತು ವರ್ಷ ತುಂಬಿದ 1887ರ ನೆನಪಿಗಾಗಿ ಕಟ್ಟಿದ ಜ್ಯೂಬಿಲಿ ಭವನವು ಕೃಷ್ಣರಾಜ ಬುಲೆವಾರ್ಡಿನಲ್ಲಿ ಇಂದಿಗೂ ನಿಂತಿದೆ. ಹತ್ತನೆಯ ಚಾಮರಾಜೇಂದ್ರ ಒಡೆಯರು 1891ರಲ್ಲಿ ಸ್ಥಾಪಿಸಿದ ಓರಿಯೆಂಟಲ್ ಲೈಬ್ರರಿಗೆ ಅದೇ ನೆಲೆಯಾಯಿತು. ಸಂಸ್ಥಾನದ ಮೂಲೆಮೂಲೆಗಳಲ್ಲಿ, ಅಗ್ರಹಾರಗಳ ಅಟ್ಟಗಳಲ್ಲಿಯೂ ಮಠಗಳ ಪೆಟ್ಟಿಗೆಗಳಲ್ಲಿಯೂ ಹುಳು ತಿಂದು ಹಾಳಾಗುತ್ತಿದ್ದ ಕಟ್ಟುಗಳನ್ನು ತರಿಸಿ, ಪ್ರತಿ ಮಾಡಿಸಿ, ಪಟ್ಟಿ ಬರೆಯಿಸಿ, ಅಚ್ಚಿಗೆ ಯೋಗ್ಯವಾದುವನ್ನು ಅಚ್ಚು ಹಾಕಿಸುವುದು ಅದರ ಉದ್ದೇಶವಾಗಿತ್ತು. ಭಟ್ಟಭಾಸ್ಕರನ ಭಾಷ್ಯದೊಡನೆ ತೈತ್ತಿರೀಯ ಸಂಹಿತೆಯನ್ನು ಹೊರತಂದ ಎ. ಮಹಾದೇವ ಶಾಸ್ತ್ರಿಗಳು ಅದರ ಆರಂಭದ ದಿನಗಳಲ್ಲಿ ದುಡಿದವರು. ಮುಂದೆ ಭಾರತೀಯ ದರ್ಶನಗಳ ವಿಚಾರವಾಗಿ ಜಗತ್ತೇ ಗೌರವಿಸುವ ಗ್ರಂಥಗಳನ್ನು ಬರೆದ ಎಂ. ಹಿರಿಯಣ್ಣನವರು ತಮ್ಮ ತಾರುಣ್ಯದಲ್ಲಿ ಇದೇ ಭಾಂಡಾರದಲ್ಲಿ ಪುಸ್ತಕಪಾಲಕರಾಗಿದ್ದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಸಂಸ್ಥೆಯು ಅದರ ಆಡಳಿತಕ್ಕೆ ಒಳಪಟ್ಟಿತು; 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯ ಎಂಬ ಹೆಸರನ್ನು ಪಡೆಯಿತು.

ಅಲ್ಲಿನ ಕೆಲಸದ ಸ್ವರೂಪವನ್ನು ಸಮೀಪದಿಂದ ನೋಡಿದ ಹೊರತು ಅದರ ಬೆಲೆ ತಿಳಿಯುವುದಿಲ್ಲ. ಒಂದು ಗೇಣಿನಿಂದ ಒಂದೂವರೆ ಮೊಳದವರೆಗಿನ ಉದ್ದದ, ಮೂರು ನಾಲ್ಕು ಬೆರಳಗಲದ ಗರಿಗಳು. ಅವುಗಳ ನಡುವಣ ರಂಧ್ರದ ಮೂಲಕ ಪೋಣಿಸಿದ ದಾರ. ಮೇಲೊಂದು ಕೆಳಗೊಂದು ಮರದ ಹಲಗೆ. ಕಂಟವೆಂಬ ಲೋಹದ ಲೇಖನಿಯಿಂದ ಕೊರೆದ ಅಕ್ಷರಕ್ಕೆ ತನ್ನದೇ ಆದ ಬಣ್ಣವಿಲ್ಲದುದರಿಂದ, ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿ ಕಲಸಿ ಗರಿಯ ಮೇಲೆ ತೀಡಿ ಬಟ್ಟೆಯಿಂದ ಒರಸಿದರೆ, ಮೇಲ್ಮೈಯ ಕಪ್ಪು ಹೋಗಿ ಗೀರುಗಳಲ್ಲಿ ಮಾತ್ರ ಉಳಿದು ಬರೆಹವು ಎದ್ದು ಕಾಣುತ್ತದೆ. ಹುಳು ಹತ್ತದಂತೆಯೂ ಗರಿ ಒಣಗಿ ಮುರಿಯದಂತೆಯೂ ಅದಕ್ಕೆ ಮಜ್ಜಿಗೆ ಹುಲ್ಲಿನ ತೈಲವನ್ನು ಲೇಪಿಸುವುದುಂಟು. ಕಟ್ಟನ್ನು ಬಿಚ್ಚಿದೊಡನೆ ಮೂಗಿಗೆ ತಾಗುವ ಕಟುವಾದ ಪರಿಮಳ ಅದರದೇ. ಲಿಪಿಯಾದರೋ ಕನ್ನಡವಿರಬಹುದು, ಗ್ರಂಥವಿರಬಹುದು, ತಿಗಳಾರಿಯೋ ನಂದಿನಾಗರಿಯೋ ಇರಬಹುದು. ಪದ ಪದಗಳ ನಡುವೆ ತೆರಪಿಲ್ಲ, ವಾಕ್ಯ ಮುಗಿದೆಡೆ ಗುರುತಿಲ್ಲ. ಲಿಪಿಕಾರನ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರಿದ್ದರೆ ಮಧ್ಯದ ವಿಷಯವೇ ಲುಪ್ತ. ಇಂಥದನ್ನು ಓದುವವನಿಗೆ ಲಿಪಿಜ್ಞಾನ ಮಾತ್ರ ಸಾಲದು. ಆ ಶಾಸ್ತ್ರವೇ ಕರಗತವಾಗಿರಬೇಕು, ವ್ಯಾಕರಣವು ನಾಲಗೆಯ ತುದಿಯಲ್ಲಿರಬೇಕು, ಎಲ್ಲಕ್ಕಿಂತ ಮಿಗಿಲಾಗಿ ಒಂದು ಅಕ್ಷರಕ್ಕಾಗಿ ಒಂದು ದಿನವನ್ನು ವ್ಯಯಿಸುವ ತಾಳ್ಮೆಯಿರಬೇಕು.

ಅಂಥ ತಾಳ್ಮೆಯ ಪುರುಷರಲ್ಲಿ ಅಗ್ರಗಣ್ಯರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. 1868ರಲ್ಲಿ ಕಾವೇರಿ ತೀರದ ಆ ಊರಿನಲ್ಲಿ ಹುಟ್ಟಿ, ವೇದಶಾಸ್ತ್ರಗಳೊಡನೆ ಇಂಗ್ಲಿಷನ್ನೂ ಕಲಿತು, ಈ ಭಾಂಡಾರದ ಪುಸ್ತಕಪಾಲಕರಾಗಿದ್ದ ಅವರ ಕೈಗೆ, ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಸಂಸ್ಥೆಗೆ ಒಪ್ಪಿಸಿದ ಗ್ರಂಥಲಿಪಿಯ ಕಟ್ಟೊಂದು ಬಂದಿತು. ಕೌಟಿಲ್ಯನ ಅರ್ಥಶಾಸ್ತ್ರದ ಹೆಸರನ್ನು ದಂಡಿಯೂ ಬಾಣನೂ ಎತ್ತಿ ಆಡಿದ್ದರು. ಗ್ರಂಥವನ್ನು ಕಂಡವರು ಆಧುನಿಕ ಪಂಡಿತಲೋಕದಲ್ಲಿ ಇರಲಿಲ್ಲ. ಹದಿನೈದು ಅಧಿಕರಣಗಳೂ ನೂರೈವತ್ತು ಅಧ್ಯಾಯಗಳೂ ನೂರೆಂಬತ್ತು ಪ್ರಕರಣಗಳೂ ಉಳ್ಳದ್ದೆಂದು ತನ್ನನ್ನು ತಾನೇ ಬಣ್ಣಿಸಿಕೊಳ್ಳುವ ಆ ಮಹಾಗ್ರಂಥದ ಭಾಗಗಳನ್ನು ಶಾಸ್ತ್ರಿಗಳು 1905ರಿಂದ ಮೊದಲುಗೊಂಡು ಅನುವಾದಿಸಿ ಪತ್ರಿಕೆಗಳಲ್ಲಿ ಪ್ರಕಟಿಸಿದರು; 1909ರಲ್ಲಿ ಮೂಲವನ್ನು ಅಚ್ಚು ಹಾಕಿಸಿದರು; 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪುಸ್ತಕವಾಗಿ ಕೊಟ್ಟರು. ಇದಕ್ಕೆ ಮುನ್ನುಡಿ ಬರೆದವರು ಕನ್ನಡನಾಡಿನ ಶಾಸನಗಳಲ್ಲಿಯೇ ತಮ್ಮ ವಿದ್ವತ್ತನ್ನು ರೂಪಿಸಿಕೊಂಡ ಜೆ. ಎಫ್. ಫ್ಲೀಟರು. ರಾಜ್ಯಶಾಸ್ತ್ರವೆಂಬುದು ಗ್ರೀಸಿನಲ್ಲಿ ಹುಟ್ಟಿತು, ಹಿಂದೂಗಳಿಗೆ ಪರಲೋಕದ ಚಿಂತೆಯೇ ಹೊರತು ಇಹದ ಆಡಳಿತದ ಚಿಂತೆಯಿರಲಿಲ್ಲ ಎಂದು ನಿಶ್ಚಿಂತರಾಗಿ ಬರೆಯುತ್ತಿದ್ದವರ ಲೇಖನಿ ಅಲ್ಲಿಗೆ ತಡೆಯಿತು. ಗಣಿ, ಸುಂಕ, ತೂಕ, ನೇಯ್ಗೆ, ಆನೆಗಳ ಪಾಲನೆ, ಗೂಢಚಾರರ ನಿಯೋಗ ಇವೆಲ್ಲವನ್ನೂ ಅಷ್ಟೊಂದು ವಿವರವಾಗಿ ಹೇಳತಕ್ಕ ಪುಸ್ತಕವನ್ನು ಮುಂದಿಟ್ಟುಕೊಂಡು ಹಾಗೆ ಬರೆಯಲು ಯಾರಿಗೂ ಸಾಧ್ಯವಿರಲಿಲ್ಲ. ಅನಂತರ ತಿರುವನಂತಪುರದ ಗಣಪತಿ ಶಾಸ್ತ್ರಿಗಳು, ಜರ್ಮನಿಯ ಯೋಲಿ ಮತ್ತು ಮೆಯರ್, ಮುಂಬಯಿಯ ಕಾಂಗಳೆ ಮೊದಲಾದವರು ಪಾಠವನ್ನು ತಿದ್ದಿದರು, ಬೆಳೆಸಿದರು. ಆದರೂ ದಾರಿ ತೆರೆದುದು ಮೈಸೂರಿನಲ್ಲಿ.

ಈ ಕಥೆಯನ್ನು ಮೈಸೂರಿಗರು ಆಗಾಗ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ಹೇಳಿಕೊಳ್ಳಬೇಕಾದುದೇ. ಆದರೆ ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದಿರತಕ್ಕದ್ದು ಯಾರೂ ಹೇಳಿಕೊಳ್ಳದ ಮತ್ತೊಂದು ಕಥೆ. ಕ್ರಿ.ಶ. ಐದು ಆರನೆಯ ಶತಮಾನಗಳ ಸಂಧಿಯಲ್ಲಿ, ದಕ್ಷಿಣದೇಶದಲ್ಲಿ, ಕಾಂಚಿಯ ಸಮೀಪವೆಂದು ಪರಂಪರೆ ಹೇಳುತ್ತದೆ, ದಿಙ್ನಾಗನೆಂಬ ಬೌದ್ಧ ತಾರ್ಕಿಕನು ಹುಟ್ಟಿದನು. ಪ್ರತ್ಯಕ್ಷ ಅನುಮಾನಗಳೆಂಬ ಎರಡೇ ಪ್ರಮಾಣಗಳೆಂದು ಸಾಧಿಸಿ, ಆರು ಪರಿಚ್ಛೇದಗಳಲ್ಲಿ ಅವನು ರಚಿಸಿದ ಪ್ರಮಾಣಸಮುಚ್ಚಯವು ಭಾರತೀಯ ತರ್ಕದ ದಿಕ್ಕನ್ನೇ ಬದಲಿಸಿತು. ಉದ್ದ್ಯೋತಕರನೂ ಕುಮಾರಿಲನೂ ಅವನನ್ನು ಖಂಡಿಸುವ ಸಲುವಾಗಿ ತಮ್ಮ ಶಕ್ತಿಯನ್ನೆಲ್ಲ ವಿನಿಯೋಗಿಸಬೇಕಾಯಿತು. ಖಂಡನೆಗಳು ಉಳಿದುವು, ಖಂಡಿತವಾದ ಗ್ರಂಥ ಉಳಿಯಲಿಲ್ಲ. ವಿಹಾರಗಳು ಬರಿದಾದ ಮೇಲೆ ಅದರ ಸಂಸ್ಕೃತ ಮೂಲವು ಭಾರತದಲ್ಲಿ ಕಣ್ಮರೆಯಾಯಿತು. ಹಿಮಾಲಯದಾಚೆಯಲ್ಲಿ ಮಾತ್ರ ಅದರ ಎರಡು ಟಿಬೆಟನ್ ಅನುವಾದಗಳು ಬದುಕಿಕೊಂಡಿದ್ದುವು. ಆ ಅನುವಾದಗಳನ್ನು ಇಟ್ಟುಕೊಂಡು, ಅದರ ಮೊದಲ ಪರಿಚ್ಛೇದವನ್ನು ಸಂಸ್ಕೃತಕ್ಕೆ ಮರಳಿ ತಂದು, ವೃತ್ತಿ ಟೀಕೆಗಳೊಡನೆ 1930ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಪ್ರಕಟಿಸಿದವರು ಮೈಸೂರಿನ ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು. ಲಾಸಾ ನಗರವು ಪರಕೀಯರಿಗೆ ಮುಚ್ಚಿದ್ದ ಕಾಲ. ನಮ್ಮ ಸೀಮೆಯಲ್ಲಿ ಟಿಬೆಟನ್ ಕಲಿಸಬಲ್ಲ ಒಬ್ಬ ಭಿಕ್ಷುವೂ ನೆಲಸಿರದಿದ್ದ ಕಾಲ. ಅಂಥಲ್ಲಿ ಒಬ್ಬ ಶ್ರೀವೈಷ್ಣವ ಪಂಡಿತನು ಒಬ್ಬ ಬೌದ್ಧ ಪಂಡಿತನ ಮಾತನ್ನು ಮೂರನೆಯ ದೇಶದ ನುಡಿಯಿಂದ ಬಿಡಿಸಿ ತನ್ನ ಶಾಸ್ತ್ರಭಾಷೆಗೆ ಕರೆತಂದನೆಂದರೆ, ಏಷ್ಯಾ ಅಧ್ಯಯನವೆಂಬ ಮಾತಿಗೆ ಇದಕ್ಕಿಂತ ಉತ್ತಮವಾದ ಉದಾಹರಣೆಯನ್ನು ಎಲ್ಲಿ ಹುಡುಕೋಣ?

ಆ ಕಾರ್ಯವು ಮುಂದೆ ಎಲ್ಲೆಲ್ಲಿಗೆ ಹೋಯಿತೆಂಬುದನ್ನೂ ಕಾಣಬೇಕು. ಜಪಾನಿನ ಮಸಾಅಕಿ ಹತ್ತೋರಿಯವರು ಅದೇ ಪರಿಚ್ಛೇದವನ್ನು ಟಿಬೆಟನ್ನಿನಿಂದ ಅನುವಾದಿಸಿ 1968ರಲ್ಲಿ ಹಾರ್ವರ್ಡ್ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಜಿನೇಂದ್ರಬುದ್ಧಿಯು ದಿಙ್ನಾಗನಿಗೆ ಬರೆದ ಟೀಕೆಯ ಸಂಸ್ಕೃತ ಹಸ್ತಪ್ರತಿಯು ಟಿಬೆಟಿನಲ್ಲಿ ಉಳಿದಿದ್ದುದು ಗೊತ್ತಾದ ಮೇಲೆ, ವಿಯೆನ್ನಾದ ಆಸ್ಟ್ರಿಯನ್ ವಿಜ್ಞಾನ ಅಕಾಡೆಮಿಯೂ ಬೀಜಿಂಗಿನ ಟಿಬೆಟ್ ಅಧ್ಯಯನ ಕೇಂದ್ರವೂ ಕೂಡಿ ಅದರ ಮೊದಲ ಪರಿಚ್ಛೇದವನ್ನು 2005ರಲ್ಲಿ ಹೊರತಂದವು. ಅದರ ಬಲದಿಂದ ಮೂಲಗ್ರಂಥವನ್ನು ಮತ್ತಷ್ಟು ಭದ್ರವಾಗಿ ಪುನಾರಚಿಸಲು ಸಾಧ್ಯವಾಯಿತು. ಅಯ್ಯಂಗಾರ್ಯರು ಊಹಿಸಿ ಬರೆದ ಶಬ್ದಗಳಲ್ಲಿ ಹಲವನ್ನು ಹೊಸ ಸಾಮಗ್ರಿ ತಿದ್ದಿರುವುದು ಸಹಜ. ಪೂರ್ವಸೂರಿಗಳ ಕೃತಿಗೆ ಸಲ್ಲುವ ಗೌರವವೆಂದರೆ ಅದೇ. ನನಗೆ ವ್ಯಥೆಯಾಗುವುದು ಬೇರೊಂದು ಕಾರಣಕ್ಕೆ. ವಿಯೆನ್ನಾದಲ್ಲಿ ಈ ವಿದ್ಯೆಗೆ ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಪ್ರಶಿಷ್ಯನಿಗೆ ಹರಿದು ಬಂದ ಪರಂಪರೆಯಿದೆ, ಅದನ್ನು ಸಾಕುವ ಸಂಸ್ಥೆಯಿದೆ. ಮೈಸೂರಿನಲ್ಲಿ ಒಬ್ಬ ಮಹನೀಯನ ಏಕಾಂತ ಶ್ರಮವಿತ್ತು, ಅದರ ಬೆನ್ನಿಗೆ ಅಂಥ ಪರಂಪರೆಯೊಂದು ಬೆಳೆಯಲಿಲ್ಲ.

ಹೀಗಿರುವಲ್ಲಿ ಕಾಲವೇ ನಮಗೆ ಒಂದು ಅವಕಾಶವನ್ನು ತಂದಿತ್ತಿತು. 1959ರಲ್ಲಿ ದಲಾಯಿ ಲಾಮಾ ಅವರು ಭಾರತಕ್ಕೆ ಬಂದ ಮೇಲೆ, ನಿರಾಶ್ರಿತರಿಗೆ ನೆಲ ಬೇಕೆಂಬ ಕೋರಿಕೆಗೆ ಮೊದಲು ಉದಾರವಾಗಿ ಓಗೊಟ್ಟ ರಾಜ್ಯಗಳಲ್ಲಿ ಅಂದಿನ ಮೈಸೂರು ರಾಜ್ಯವು ಮುಖ್ಯವಾದುದು. 1960ರ ದಶಕದ ಆದಿಯಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಕಾಡನ್ನು ಕಡಿದು ಆ ನಿರಾಶ್ರಿತರು ನೆಲಸಿದರು. 1963ರಲ್ಲಿ ಪೆನೋರ್ ರಿಂಪೋಚೆಯವರು ಅಲ್ಲಿ ನಾಮ್‌ಡ್ರೋಲಿಂಗ್ ವಿಹಾರವನ್ನು ಆರಂಭಿಸಿದರು. 1419ರಲ್ಲಿ ಲಾಸಾದ ಬಳಿ ಹುಟ್ಟಿದ ಸೆರಾ ಮಹಾವಿಹಾರವು ಬೈಲಕುಪ್ಪೆಯಲ್ಲಿ ಪುನಃ ಪ್ರತಿಷ್ಠಿತವಾಯಿತು. ಅದರ ಜೊತೆಯವಾದ ಗಾಂಡೆನ್ ಮತ್ತು ಡ್ರೆಪುಂಗ್ ವಿಹಾರಗಳು ಉತ್ತರ ಕನ್ನಡದ ಮುಂಡಗೋಡಿನಲ್ಲಿ ನೆಲೆಗೊಂಡುವು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿಯೂ ಇನ್ನೆರಡು ವಸತಿಗಳಿವೆ. ಟಿಬೆಟಿನ ಗೆಲುಗ್ ಪಂಥದ ಮೂರು ಮಹಾಪೀಠಗಳೂ ಇಂದು ಕನ್ನಡನಾಡಿನಲ್ಲಿವೆಯೆಂಬ ಸಂಗತಿಯನ್ನು ಬೈಲಕುಪ್ಪೆಯ ಸ್ವರ್ಣಮಂದಿರದ ಮುಂದೆ ಭಾವಚಿತ್ರ ತೆಗೆಸಿಕೊಂಡು ಬರುವ ಸಹಸ್ರಾರು ಮಂದಿಯಲ್ಲಿ ಎಷ್ಟು ಜನ ಬಲ್ಲರು?

ಅಲ್ಲಿನ ಭಿಕ್ಷು ಓದುವುದೇನನ್ನು? ಗೆಶೆ ಪದವಿಗಾಗಿ ಹದಿನೈದು ಇಪ್ಪತ್ತು ವರ್ಷ ನಡೆಯುವ ಆ ವ್ಯಾಸಂಗದ ಪಂಚಗ್ರಂಥಗಳು ಇವು: ಮೈತ್ರೇಯನ ಅಭಿಸಮಯಾಲಂಕಾರ, ಚಂದ್ರಕೀರ್ತಿಯ ಮಧ್ಯಮಕಾವತಾರ, ವಸುಬಂಧುವಿನ ಅಭಿಧರ್ಮಕೋಶ, ಗುಣಪ್ರಭನ ವಿನಯಸೂತ್ರ, ಧರ್ಮಕೀರ್ತಿಯ ಪ್ರಮಾಣವಾರ್ತಿಕ. ಐದೂ ಭಾರತೀಯರು ಸಂಸ್ಕೃತದಲ್ಲಿ ಬರೆದುವು. ಕಡೆಯದಂತೂ ದಿಙ್ನಾಗನ ಪ್ರಮಾಣಸಮುಚ್ಚಯದ ಮೇಲಣ ವಾರ್ತಿಕವೇ. ಸೆರಾದ ಅಂಗಳದಲ್ಲಿ ನಡೆಯುವ ವಾದವನ್ನು ಕಂಡವರಿಗೆ ಅದೊಂದು ವಿಚಿತ್ರ ನೃತ್ಯದಂತೆ ತೋರುವುದುಂಟು. ಉತ್ತರವಾದಿಯು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನಿಸುವವನು ಎದುರಿಗೆ ನಿಂತು, ಮಂಜುಶ್ರೀಯ ಬೀಜಾಕ್ಷರವಾದ ‘ಧೀಃ’ ಎಂಬುದನ್ನು ಉಚ್ಚರಿಸಿ ಆರಂಭಿಸುತ್ತಾನೆ. ಪ್ರಶ್ನೆ ಮುಗಿಯುವ ಕ್ಷಣಕ್ಕೆ ಸರಿಯಾಗಿ ಎಡಗಾಲನ್ನು ಅಪ್ಪಳಿಸಿ, ಬಲಗೈಯನ್ನು ಎಡ ಅಂಗೈಯ ಮೇಲೆ ಬಡಿಯುತ್ತಾನೆ. ಕುಳಿತವನು ಒಂದೊಂದೇ ಚುಟುಕು ಮಾತಿನಲ್ಲಿ ಉತ್ತರಿಸಬೇಕು: ‘ಒಪ್ಪಿದೆ’, ‘ಏಕೆ?’, ‘ಹೇತು ಅಸಿದ್ಧ’, ‘ವ್ಯಾಪ್ತಿಯಿಲ್ಲ’. ಈ ಕೊನೆಯೆರಡು ಮಾತುಗಳನ್ನು ಮೈಸೂರಿನ ಮಹಾರಾಜ ಸಂಸ್ಕೃತ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರವನ್ನು ಓದಿದ ಯಾರಾದರೂ ಕೇಳಿ ಬೆಚ್ಚದಿರಲಾರರು. ನಮ್ಮ ವಾಕ್ಯಾರ್ಥಸಭೆಗಳಲ್ಲಿ ದಿನಬೆಳಗಾದರೆ ಕೇಳುವ ಮಾತುಗಳವು. ಸಾವಿರ ವರ್ಷಗಳ ಹಿಂದೆ ಒಂದೇ ಸಭೆಯಲ್ಲಿ ಎದುರುಬದುರು ಕುಳಿತು ವಾದಿಸುತ್ತಿದ್ದ ಎರಡು ಪಂಥಗಳು ಈಗ ಒಂದೇ ಜಿಲ್ಲೆಯಲ್ಲಿ, ಒಂದೇ ಹೆದ್ದಾರಿಯ ಎರಡು ಕಡೆಗಳಲ್ಲಿ, ಒಂದರ ಮಾತು ಇನ್ನೊಂದಕ್ಕೆ ತಿಳಿಯದಂತೆ ಬಾಳುತ್ತಿವೆ. ನೈಯಾಯಿಕನಿಗೆ ಟಿಬೆಟನ್ ಬಾರದು. ಗೆಶೆಗೆ ಸಂಸ್ಕೃತ ಬರುವುದು ವಿರಳ. ಇಬ್ಬರ ನಡುವೆ ಕನ್ನಡದಲ್ಲಿ ನಿಲ್ಲಬಲ್ಲ ದುಭಾಷಿಯಿಲ್ಲ.

ಬೌದ್ಧವಿದ್ಯೆ ಕನ್ನಡನಾಡಿಗೆ ಅರವತ್ತು ವರ್ಷಗಳ ಹಿಂದೆ ಬಂದ ಅತಿಥಿಯೆಂದು ಯಾರೂ ಭಾವಿಸಬಾರದು. ಸನ್ನತಿಯ ಸಮೀಪದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರನ್ನೇ ಕೆತ್ತಿದ ಅವನ ಶಿಲ್ಪ ದೊರೆತಿದೆ. ಮಂಗಳೂರಿನ ಕದ್ರಿಯಲ್ಲಿ ಆಳುಪ ಕುಂದವರ್ಮನು ಲೋಕೇಶ್ವರನ ಪ್ರತಿಮೆಯನ್ನು ಪ್ರತಿಷ್ಠಿಸಿದುದು 968ರಲ್ಲಿ. ನಮ್ಮ ಕಾಲದಲ್ಲಿಯೂ ಜಿ. ಪಿ. ರಾಜರತ್ನಂ ಅವರು ಪಾಲಿಯ ಬೌದ್ಧ ಸಾಹಿತ್ಯವನ್ನು ತಿಳಿಗನ್ನಡದಲ್ಲಿ ತಂದುಕೊಟ್ಟು, ಈ ಭಾಷೆಗೆ ಆ ಶಕ್ತಿಯಿದೆಯೆಂದು ತೋರಿಸಿದರು.

ಇದೇ ರಸ್ತೆಯ ಬದಿಯಲ್ಲಿ ಹಿನಕಲ್ಲಿಗೆ ಸಮೀಪವಾಗಿರುವ ಭಾರತೀಯ ಭಾಷಾ ಸಂಸ್ಥಾನವನ್ನೂ ಮರೆಯಲಾಗದು. 1969ರ ಜುಲೈ 17ರಂದು, ಡಿ. ಪಿ. ಪಟ್ಟನಾಯಕರ ನೇತೃತ್ವದಲ್ಲಿ, ಹುಟ್ಟಿದ ಈ ಸಂಸ್ಥೆಯು ಲಿಪಿಯೇ ಇಲ್ಲದ ಎಷ್ಟೋ ನುಡಿಗಳಿಗೆ ವ್ಯಾಕರಣ ಬರೆಯಿಸಿತು. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ದಾಖಲಿಸುವ ಯೋಜನೆಯೂ ಇಲ್ಲಿಯದೇ. ನುಡಿಯನ್ನು ಕಲಿಸುವುದೆಂತು ಎಂಬ ವಿದ್ಯೆಯಲ್ಲಿ ದೇಶಕ್ಕೇ ಗುರುವಾದ ಸಂಸ್ಥೆ ಇದು. ಇನ್ನು ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗದ ಕಚೇರಿಯು 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂದು ನೆಲಸಿತು. ಶಿಲೆಯನ್ನು ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿಯನ್ನೊತ್ತಿ ತೆಗೆದ ಪಡಿಯಚ್ಚುಗಳು ಅಲ್ಲಿ ರಾಶಿ ರಾಶಿಯಾಗಿವೆ. ಶಾಸನಗಳು ಗ್ರಾಮದ ಗಡಿಯನ್ನು ಮಾತ್ರ ಹೇಳುವುವೆಂಬ ಭಾವನೆ ಸಲ್ಲದು: ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತ 1088ರ ತಮಿಳು ಶಾಸನವು ಹೆಸರಿಸುವ ಐನೂರ್ವರ ವಣಿಕ್‌ಸಂಘದ ಮೂಲಸ್ಥಾನ ನಮ್ಮ ಐಹೊಳೆಯೇ.

ಓಲೆಗರಿ ಒಂದೆಡೆ, ಶಾಸನ ಒಂದೆಡೆ, ನುಡಿಯ ಶಾಸ್ತ್ರ ಒಂದೆಡೆ, ಜೀವಂತವಾದ ಬೌದ್ಧ ತರ್ಕ ಮತ್ತೊಂದೆಡೆ. ಪ್ರತಿಯೊಂದಕ್ಕೂ ತನ್ನದೇ ಆದ ಇಲಾಖೆ, ತನ್ನದೇ ಆದ ಆಯವ್ಯಯ, ತನ್ನದೇ ಆದ ದೆಹಲಿ ಅಥವಾ ಬೆಂಗಳೂರು. ಇವುಗಳನ್ನು ಒಟ್ಟುಗೂಡಿಸಲು ಹೊಸದೊಂದು ಭವನವನ್ನು ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಭವನ ಕಟ್ಟುವುದರಲ್ಲಿಯೇ ನಮ್ಮ ಉತ್ಸಾಹ ಮುಗಿದುಹೋಗುವುದನ್ನು ಬೇಕಾದಷ್ಟು ಕಂಡಿದ್ದೇವೆ. 1909ರಲ್ಲಿ ಶಾಮಶಾಸ್ತ್ರಿಗಳಿಗಿದ್ದುದು ಒಂದು ಮೇಜು, ಒಂದು ಕಟ್ಟು, ಹಿಂದೆ ನಿಂತ ಒಂದು ಸಂಸ್ಥಾನದ ವಿಶ್ವಾಸ. ಈಗ ಬೇಕಾದುದೂ ಹೆಚ್ಚಿನದೇನಲ್ಲ. ಸಂಸ್ಕೃತವನ್ನು ಚೆನ್ನಾಗಿ ಬಲ್ಲ, ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯಬಲ್ಲ ಇಬ್ಬರು ತರುಣರನ್ನೋ ತರುಣಿಯರನ್ನೋ ವಿಶ್ವವಿದ್ಯಾನಿಲಯವು ಆರಿಸಿ, ಜೀವನಕ್ಕೆ ಸಾಲುವಷ್ಟು ವೇತನವನ್ನಿತ್ತು, ಐದು ವರ್ಷ ಬೈಲಕುಪ್ಪೆಯಲ್ಲಿ ಟಿಬೆಟನ್ ಕಲಿಯಲು ಕಳುಹಿಸಲಿ. ಸೆರಾದಿಂದ ಇಬ್ಬರು ಭಿಕ್ಷುಗಳು ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ಬಂದು ಇಲ್ಲಿನ ಪಂಡಿತರ ಬಳಿ ಸಂಸ್ಕೃತವನ್ನೂ ಹಸ್ತಪ್ರತಿಶಾಸ್ತ್ರವನ್ನೂ ಕಲಿಯಲಿ. ಕಲಿಸುವ ಕ್ರಮವನ್ನು ಭಾಷಾ ಸಂಸ್ಥಾನವು ರೂಪಿಸಿಕೊಡಲಿ. ಆ ನಾಲ್ವರು ಕೂಡಿ ಮಾಡಬೇಕಾದ ಮೊದಲ ಕಾರ್ಯವನ್ನೂ ಹೇಳಿಬಿಡುತ್ತೇನೆ: ರಂಗಸ್ವಾಮಿ ಅಯ್ಯಂಗಾರ್ಯರು 1930ರಲ್ಲಿ ಮೊದಲ ಪರಿಚ್ಛೇದದಲ್ಲಿ ನಿಲ್ಲಿಸಿದ ಪ್ರಮಾಣಸಮುಚ್ಚಯವನ್ನು ಆರು ಪರಿಚ್ಛೇದಗಳೊಡನೆ, ವಿಯೆನ್ನಾದಲ್ಲಿ ದೊರೆತ ಬೆಳಕನ್ನೆಲ್ಲ ಬಳಸಿಕೊಂಡು, ಕನ್ನಡಕ್ಕೆ ತರಲಿ. ಮೈಸೂರು ವಿಶ್ವವಿದ್ಯಾನಿಲಯದ ಅಧಿಕಾರವರ್ಗದವರೂ, ವಿದ್ಯಾದಾನಕ್ಕೆ ಕೈಯಿರುವ ಮೈಸೂರಿನ ಶ್ರೀಮಂತರೂ ಈ ನಾಲ್ಕು ವೇತನಗಳ ಹೊಣೆಯನ್ನು ಈ ವರ್ಷವೇ ಹೊರಬೇಕೆಂದು ಪ್ರಾರ್ಥಿಸುತ್ತೇನೆ.